ಸೋದರತ್ತೆಯ ಹೆರಿಗೆ ರಜೆ

ನನ್ನ ತಂಗಿ ಅಕೆಸಿಯು ತಾನು ಬಸುರಿ ಎಂಬ ಸುದ್ದಿಯನ್ನು ಗಂಡನಿಗೂ ಮೊದಲು ನನಗೆ ಹೇಳಿದಳು. ಹೇಳಿದ್ದು ಕೋಳಿ ಕಾರ್ಖಾನೆಯ ಗೇಟಿನ ಹೊರಗೆ, ರಬ್ಬರ್ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಮೂಗು ಒರೆಸಿಕೊಳ್ಳುತ್ತ. ಮೂರು ವರ್ಷ ಕಾದು ಬಸುರಾದವಳು ಅಳುತ್ತ ಸುದ್ದಿ ಹೇಳಬೇಕಾದರೆ ಅದೆಂಥ ಹಾಳು ಕೆಲಸವಿರಬೇಕು ಎಂದು ನನಗೆ ಮೈಯೆಲ್ಲ ಉರಿದುಹೋಯಿತು.

“ಗುತ್ತಿಗೆದಾರನಿಗೆ ಗೊತ್ತಾದ್ರೆ ವಾಪಸ್ ಕಳಿಸ್ತಾನೆ ಅಕ್ಕಾ. ಯಾರಿಗೂ ಹೇಳ್ಬೇಡ.”

“ನಾನು ಹೇಳದೆ ಇದ್ರೆ ಗೊತ್ತಾಗಲ್ವಾ? ಅದೇನು ಕದ್ದ ಕೋಳಿನಾ, ಜಾಕೀಟಿನೊಳಗೆ ಬಚ್ಚಿಟ್ಕೊಂಡು ಗೇಟು ದಾಟೋಕೆ?”

ಅವಳು ಅಳುತ್ತಲೇ ನಕ್ಕಳು. ಚಿಕ್ಕಂದಿನಿಂದ ಅವಳನ್ನು ನಗಿಸುವುದು ನನಗೆ ಕಷ್ಟವಾದದ್ದೇ ಇಲ್ಲ.

ನಾವು ತೋಂಗಾ ದ್ವೀಪದವರು. ಈ ಬಿಳಿಯರ ದೇಶದಲ್ಲಿ, ಮರ್ರೆ ನದಿಯ ದಡದ ಈ ಊರಿನಲ್ಲಿ ದ್ರಾಕ್ಷಿ ಕೊಯ್ಯುವುದು, ಬಾದಾಮಿ ಆರಿಸುವುದು, ಕೋಳಿ ಕತ್ತರಿಸುವುದು, ವೃದ್ಧಾಶ್ರಮದಲ್ಲಿ ಬಿಳಿಯರ ಅಪ್ಪ ಅಮ್ಮಂದಿರ ಮೈ ತೊಳೆಯುವುದು, ಎಲ್ಲ ನಮ್ಮ ಕೈಯ ಕೆಲಸವೇ. ನಾನು ಬಂದು ಬಹಳ ವರ್ಷವಾಯಿತು. ಬಾದಾಮಿ ಶೆಡ್ಡಿನಲ್ಲಿ ಖಾಯಂ ಆಗಿದ್ದೇನೆ, ಇಲ್ಲಿನ ನಾಗರಿಕಳೂ ಆಗಿದ್ದೇನೆ. ಅಕೆಸಿಯು ಮತ್ತು ಅವಳ ಗಂಡ ಲಿಸಿಯಾತೆ ಹಾಗಲ್ಲ. ಅವರು ಬಂದದ್ದು ಗುತ್ತಿಗೆದಾರನ ವೀಸಾದ ಮೇಲೆ. ದಿನಾ ಸಂಜೆ ಫೋನಿಗೆ ಒಂದು ಮೆಸೇಜು ಬರುತ್ತದೆ, ನಾಳೆ ಯಾರು ಯಾರು ವ್ಯಾನು ಹತ್ತಬೇಕು ಎಂದು. ಅದರಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಹೆಸರು ಬರುವುದು ನಿಂತೇಹೋದರೆ ಸ್ವಲ್ಪ ದಿನದಲ್ಲಿ ವಿಮಾನದ ಟಿಕೆಟ್ಟು ಬರುತ್ತದೆ.

ಊರಿಗೆ ಹೋಗಿ ಹೆತ್ತು ಬರಲಿ ಎನ್ನೋಣವೆಂದರೆ ಅಲ್ಲಿ ನೋಡಿಕೊಳ್ಳುವವರಿರಲಿಲ್ಲ. ನಮ್ಮಮ್ಮ ತೀರಿಕೊಂಡಿದ್ದಳು, ಲಿಸಿಯಾತೆಯ ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಇದ್ದ ಮನೆಯ ಚಾವಣಿಯನ್ನು ಚಂಡಮಾರುತ ಹೊತ್ತುಕೊಂಡು ಹೋಗಿತ್ತು. ಆ ಚಾವಣಿ ಹೊದಿಸಲೆಂದೇ ಇಬ್ಬರೂ ಇಲ್ಲಿಗೆ ಬಂದಿದ್ದು. ಒಮ್ಮೆ ಹಿಂದಿರುಗಿದರೆ ಗುತ್ತಿಗೆದಾರ ಮತ್ತೆ ಕರೆಸಿಕೊಳ್ಳುತ್ತಾನೆ ಎಂಬ ಭರವಸೆ ಯಾರಿಗೂ ಇರಲಿಲ್ಲ.

ಆ ಭಾನುವಾರ ಚರ್ಚು ಮುಗಿದ ಮೇಲೆ ನಮ್ಮನೆಯಲ್ಲಿ ಊಟ. ಕೆಸುವಿನೆಲೆಯಲ್ಲಿ ತೆಂಗಿನ ಹಾಲು, ಕುರಿಮಾಂಸ ಸುತ್ತಿ ಬೇಯಿಸಿದ್ದೆ. ಲಿಸಿಯಾತೆಯ ಅಕ್ಕ ಪಿಸಿಲಾ ಬಂದಳು. ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಲಿಸಿಯಾತೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದ. ನಮ್ಮಲ್ಲಿ ಬೆಳೆದ ಮೇಲೆ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಅಕ್ಕ ಮೇಲಿನವಳು, ತಮ್ಮ ಕೆಳಗಿನವನು; ಅವಳ ಮಾತಿಗೆ ಅವನು ಎದುರಾಡುವಂತಿಲ್ಲ. ಅವನ ಮಕ್ಕಳಿಗೆ ಹೆಸರಿಡುವವಳೂ ಅವಳೇ, ಆ ಮಕ್ಕಳ ಮೇಲೆ ತಾಯಿಗಿಂತ ಹೆಚ್ಚಿನ ಮಾತು ಅವಳದೇ.

ಪಿಸಿಲಾಳ ಗಂಡ ಸತ್ತು ಆರು ವರ್ಷವಾಗಿತ್ತು. ಎರಡು ಸಲ ಬಸುರು ಇಳಿದುಹೋಗಿ ಮಕ್ಕಳಾಗಿರಲಿಲ್ಲ. ದೊಡ್ಡ ಮೈ, ಸಣ್ಣ ದನಿ. ಊರಾಚೆಯ ವೃದ್ಧಾಶ್ರಮದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಅವಳಿಗೆ ಆಗಲೇ ಯಾರೋ ಬಸುರಿನ ಸುದ್ದಿ ಮುಟ್ಟಿಸಿದ್ದರು. ಚರ್ಚಿನಲ್ಲಿ ಹೆಂಗಸರು ಹಾಡುವುದಕ್ಕಿಂತ ಪಿಸುಗುಟ್ಟುವುದೇ ಹೆಚ್ಚು.

“ನಿಮ್ಮ ಶೆಡ್ಡಲ್ಲಿ ಹೆರಿಗೆ ರಜೆ ಹೇಗೆ ತೆಲೆಸಿಯಾ?” ಎಂದು ನನ್ನನ್ನು ಕೇಳಿದಳು.

“ಬೇಕಾದಷ್ಟಿದೆ ಪಿಸಿಲಕ್ಕಾ. ಒಂದು ವರ್ಷ ಮನೇಲಿರಬಹುದು. ಸಂಬಳ ಒಂದು ಕೇಳ್ಬಾರ್ದು ಅಷ್ಟೆ. ಹೆತ್ಕೊಂಡು ಮನೇಲಿ ಗಾಳಿ ತಿನ್ಕೊಂಡಿರು ಅಂತಾರೆ.”

“ಕಾಯಿಲೆಗೆ?”

“ಕಾಯಿಲೆಗೆ ಸಂಬಳ ಉಂಟು. ಡಾಕ್ಟರ ಚೀಟಿ ತರಬೇಕು. ಅದೂ ಸೋಮವಾರ ಕಾಯಿಲೆ ಬಿದ್ರೆ, ನಿನ್ನೆ ಎಷ್ಟು ಬಟ್ಟಲು ಕಾವಾ ಕುಡಿದು ಮತ್ತೇರಿಸ್ಕೊಂಡ್ರಿ ಅಂತ ಸೂಪರ್‌ವೈಸರು ಕೇಳ್ತಾನೆ. ವರ್ಷಕ್ಕೆ ನಾಲ್ಕು ವಾರ ರಜೆ ಇದೆ, ಆದ್ರೆ ಬಾದಾಮಿ ಸುಗ್ಗೀಲಿ ಕೇಳೋ ಹಾಗಿಲ್ಲ. ಊರಲ್ಲಿ ಸಾಯೋರು ಸುಗ್ಗಿ ಮುಗಿಯೋವರೆಗೆ ತಡ್ಕೋಬೇಕು.”

ಪಿಸಿಲಾ ನಗಲಿಲ್ಲ. ಅಕೆಸಿಯುಳ ಕಡೆ ತಿರುಗಿದಳು. “ನಿಂದು ಹೇಳಮ್ಮ.”

“ನಂದೇನಿದೆ ಅತ್ತಿಗೆ? ಹೋದ್ರೆ ಕೂಲಿ, ಹೋಗದಿದ್ರೆ ಇಲ್ಲ. ಜ್ವರಕ್ಕೂ ಅದೇ, ಹಬ್ಬಕ್ಕೂ ಅದೇ. ಹೆರಿಗೆಗೆ ಏನು ಅಂತ ಯಾರೂ ಕೇಳೇ ಇಲ್ಲ.”

“ಕೇಳಿದೋರು ವಿಮಾನ ಹತ್ತಿದ್ರು,” ಎಂದೆ ನಾನು.

ಪಿಸಿಲಾ ಫೋನನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಅವಳ ಆಶ್ರಮದ ರಜೆ ನಿಯಮ ಇತ್ತು. ಅವಳು ಅದನ್ನು ನೋಡಲೂ ಇಲ್ಲ, ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು.

“ನಮ್ಮಲ್ಲಿ ಹದಿನಾರು ವಾರ. ಪೂರ್ತಿ ಸಂಬಳ. ಹೆತ್ತೋರಿಗೆ ಮಾತ್ರ ಅಲ್ಲ, ದತ್ತು ತಗೊಂಡೋರಿಗೂ ಇದೆ. ತಮ್ಮ ಜನರ ಪದ್ಧತಿ ಪ್ರಕಾರ ಬಂಧುಗಳ ಮಗು ತಗೊಂಡು ಸಾಕೋರಿಗೂ ಇದೆ. ಮಗುಗೆ ಹುಷಾರಿಲ್ಲದಿದ್ರೆ ಬೇರೆ ರಜೆ.” ಫೋನನ್ನು ಮಗುಚಿಟ್ಟು ಮತ್ತೆ ಹೇಳಿದಳು: “ಇಪ್ಪತ್ತು ವರ್ಷದಿಂದ ಬೇರೆಯೋರ ಹೆರಿಗೆ ರಜೆಗೆ ನಾನೇ ಬದಲಿ ನಿಂತಿದೀನಿ. ನಂಗೆ ಅಂತ ಒಂದು ದಿನ ತಗೊಂಡಿಲ್ಲ.”

ಅವಳು ಏನು ಹೇಳುತ್ತಿದ್ದಾಳೆ ಎಂಬುದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅಕೆಸಿಯುಳ ಮುಖ ಅರಳಿತು. ನಿಜ ಹೇಳಬೇಕೆಂದರೆ ಲೆಕ್ಕ ಚೆನ್ನಾಗಿಯೇ ಇತ್ತು. ಅಕೆಸಿಯು ಹೆತ್ತು, ಎರಡು ವಾರ ಮಲಗಿ, ಮತ್ತೆ ವ್ಯಾನು ಹತ್ತುವುದು. ಪಿಸಿಲಾ ಮಗುವನ್ನು ತಾನು ತೆಗೆದುಕೊಂಡಿರುವುದಾಗಿ ಕಾಗದ ಕೊಟ್ಟು, ಸಂಬಳದ ರಜೆಯಲ್ಲಿ ನೋಡಿಕೊಳ್ಳುವುದು. ಅವಳ ರಜೆ ಮುಗಿಯುವಷ್ಟರಲ್ಲಿ ನಾನು ರಾತ್ರಿ ಪಾಳಿಗೆ ಬದಲಾಯಿಸಿಕೊಂಡು ಹಗಲು ನೋಡಿಕೊಳ್ಳುವುದು. ಶಿಶುಪಾಲನಾ ಕೇಂದ್ರಕ್ಕೆ ಬಿಡುವುದು ವೀಸಾದವರ ಕೈಗೆ ಎಟುಕುವ ಮಾತಲ್ಲ.

“ಕಾಗದದಲ್ಲಿ ಮಾತ್ರ ತಾನೆ ಅತ್ತಿಗೆ?” ಎಂದಳು ಅಕೆಸಿಯು.

“ರಜೆಗೆ ಕಾಗದ ಬೇಕು,” ಎಂದಳು ಪಿಸಿಲಾ. ಅವಳು ಹೌದು ಎನ್ನಲಿಲ್ಲ. ನಾವೂ ಮತ್ತೊಮ್ಮೆ ಕೇಳಲಿಲ್ಲ.

ಆಶ್ರಮದ ಕಚೇರಿಯಲ್ಲಿ ರಜೆ ನೋಡಿಕೊಳ್ಳುವವಳು ಬ್ರಿಜೆಟ್ ಎಂಬ ಹೆಂಗಸು. ಅವಳು ಬಲು ಒಳ್ಳೆಯವಳು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಅವಳು ಕೇಳಿದ್ದು ಎರಡೇ: ತಂದೆ ತಾಯಿಯ ಸಹಿ, ಮತ್ತು ಇದು ನಮ್ಮ ಪದ್ಧತಿಯಂತೆ ನಡೆದಿದೆ ಎಂದು ನಮ್ಮ ಪಾದ್ರಿ ಬರೆದುಕೊಟ್ಟ ನಾಲ್ಕು ಸಾಲು. ಬೇರೆ ಜನರಾಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಯಾರೋ ಬರೆಯುತ್ತಿದ್ದರು, ಯಾರೋ ಸಹಿ ಹಾಕುತ್ತಿದ್ದರು.

ನಮ್ಮ ಪಾದ್ರಿ ಕಿತಿಯೋನೆ ಆಗುವುದಿಲ್ಲ ಎಂದರು.

“ನಡೀದೆ ಇರೋದನ್ನ ನಡೆದಿದೆ ಅಂತ ಬರೆಯೋಕೆ ನನ್ನ ಕೈ ಏಳಲ್ಲ. ಕೊಡೋದಾದ್ರೆ ಜನರ ಮುಂದೆ ಕೊಡಿ. ಆಮೇಲೆ ನಾಲ್ಕಲ್ಲ, ನಲವತ್ತು ಸಾಲು ಬರೀತೀನಿ.”

ಇದು ನನಗೆ ಸರಿಕಾಣಲಿಲ್ಲ. ಕಾಗದ ಹರಿಯಬಹುದು, ಚಾಪೆ ಹಾಸಿ ನೆಂಟರನ್ನು ಕೂರಿಸಿ ಆಡಿದ ಮಾತನ್ನು ಹರಿಯುವುದು ಹೇಗೆ? ಹೇಳಿದೆ. ಕೇಳುವವರು ಯಾರು? ಅಕೆಸಿಯುಳಿಗೆ ಆಗಲೇ ಏಳು ತಿಂಗಳು, ದಪ್ಪ ಜಾಕೀಟು ಹಾಕಿಕೊಂಡು ಶೀತಲ ಕೋಣೆಯಲ್ಲಿ ಕೋಳಿಯ ಎದೆ ಸೀಳುತ್ತಿದ್ದಳು. ನಮ್ಮವನೇ ಆದ ಮೇಸ್ತ್ರಿ ಕಂಡೂ ಕಾಣದಂತಿದ್ದ. ಅವಳಿಗೆ ಹೆತ್ತ ಮೇಲೆ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದೊಂದೇ ಯೋಚನೆ.

“ಒಂದು ಪ್ರಾರ್ಥನೆ, ಒಂದು ಊಟ. ಅಷ್ಟಕ್ಕೆ ಏನಾಗುತ್ತೆ ಬಿಡಕ್ಕಾ,” ಎಂದಳು. “ಎಲ್ಲಾರಿಗೂ ಗೊತ್ತಿರುತ್ತಲ್ಲ ರಜೆಗೋಸ್ಕರ ಅಂತ.”

ಮಗು ಹೆಣ್ಣು. ಹುಟ್ಟಿದ ಹತ್ತನೇ ದಿನ ಚರ್ಚಿನ ಸಭಾಂಗಣದಲ್ಲಿ ಚಾಪೆ ಹಾಸಿದರು. ಎರಡು ಹಂದಿ ಸುಟ್ಟಿದ್ದರು, ಮರಗೆಣಸಿನ ರಾಶಿ ಇತ್ತು. ಪಿಸಿಲಾ ತನ್ನ ತಾಯಿಯ ಕಾಲದ ನುಣುಪಾದ ಚಾಪೆಯನ್ನು, ಶುಭಕಾರ್ಯಗಳಲ್ಲಿ ನಾವು ಉಡುವಂತೆ, ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಮೇಲೆ ಕುಳಿತಿದ್ದಳು. ಅಕೆಸಿಯು ಮಂಡಿಯೂರಿ ಹೋಗಿ ಮಗುವನ್ನು ಅವಳ ಮಡಿಲಲ್ಲಿಟ್ಟಳು. ಹೆತ್ತ ಮೈ, ಬಗ್ಗಿದಾಗ ನೋವಿಗೆ ತುಟಿ ಕಚ್ಚಿಕೊಂಡಳು. ನಮ್ಮ ಕಡೆಯ ಹಿರಿಯ ಎದ್ದು ಮಗು ಇನ್ನು ಮುಂದೆ ನಿಮ್ಮದು ಎಂದು ಹೇಳಿದ. ಪಿಸಿಲಾ ಮಗುವಿಗೆ ಲಾತಾಯಿ ಎಂದು ಹೆಸರಿಟ್ಟಳು, ಅದು ಅವಳ ತಾಯಿಯ ಹೆಸರು. ಜನರೆಲ್ಲ ಹಾಡಿದರು. ಪಿಸಿಲಾಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಅದನ್ನು ನೋಡಿದಾಗ ನನಗೆ ಭಯವಾಯಿತು. ರಜೆಗೋಸ್ಕರ ಯಾರೂ ಹಾಗೆ ಅಳುವುದಿಲ್ಲ.

ಪಾದ್ರಿ ಬರೆದುಕೊಟ್ಟರು. ಬ್ರಿಜೆಟ್ ರಜೆ ಮಂಜೂರು ಮಾಡಿದಳು. ಮೇಸ್ತ್ರಿ ಗುತ್ತಿಗೆದಾರನಿಗೆ ಜ್ವರವೆಂದು ಹೇಳಿದ್ದ ಎರಡು ವಾರ ಮುಗಿದ ಕೂಡಲೇ ಅಕೆಸಿಯು ವ್ಯಾನು ಹತ್ತಿದಳು.

ಕೋಳಿ ಕಾರ್ಖಾನೆಯ ಸಾಲಿನಲ್ಲಿ ಅವಳ ಬಲಗಡೆ ನಿಲ್ಲುತ್ತಿದ್ದವಳು ಕಾರ್ಖಾನೆಯ ಖಾಯಂ ಕೆಲಸದವಳು, ಜೋಡಿ ಎಂಬ ಬಿಳಿ ಹುಡುಗಿ. ಅವಳೂ ಹೆತ್ತಿದ್ದಳು. ಅವಳ ಮಗುವಿಗೆ ಏಳು ತಿಂಗಳಾಗಿತ್ತು. ಅಲ್ಲಿಯವರೆಗೆ ಮನೆಯಲ್ಲಿದ್ದು ಆಗಷ್ಟೇ ಬಂದಿದ್ದಳು. ಹಾಲು ಹಿಂಡಿಕೊಳ್ಳಲು ಅವಳಿಗೆ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಮೆತ್ತನೆಯ ಕುರ್ಚಿ, ಚಿಕ್ಕ ಫ್ರಿಜ್ಜು ಇತ್ತು. ಅದಕ್ಕೆಂದು ಬಿಡುವೂ ಕೊಡುತ್ತಿದ್ದರು. ಇಬ್ಬರ ಕೈಯಲ್ಲೂ ಒಂದೇ ಚಾಕು, ಇಬ್ಬರ ಮುಂದೂ ಹಾದುಹೋಗುತ್ತಿದ್ದದ್ದು ಒಂದೇ ಕೋಳಿ. ಆದರೆ ಆ ಕೋಣೆಯ ಬಾಗಿಲು ಕಾರ್ಖಾನೆಯವರ ಕಾರ್ಡಿಗೆ ಮಾತ್ರ ತೆರೆಯುತ್ತಿತ್ತು, ಗುತ್ತಿಗೆಯವರ ಕಾರ್ಡಿಗಲ್ಲ. ಜೋಡಿ ಒಳ್ಳೆಯವಳು, ಒಂದೆರಡು ಸಲ ತನ್ನ ಕಾರ್ಡು ಕೊಟ್ಟಳು. ಮೇಲಿನವರು ಗದರಿಸಿದ ಮೇಲೆ ಕೊಡಲಿಲ್ಲ.

ಅಕೆಸಿಯು ಕಕ್ಕಸಿನಲ್ಲಿ ನಿಂತು ಹಾಲು ಹಿಂಡಿದಳು. ಐದು ನಿಮಿಷಕ್ಕೆಲ್ಲ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಬಾಟಲಿಯನ್ನು ಜಾಕೀಟಿನ ಜೇಬಿನಲ್ಲಿಟ್ಟುಕೊಂಡು ಪಾಳಿ ಮುಗಿದ ಮೇಲೆ ಪಿಸಿಲಾಳ ಮನೆಗೆ ಓಡುತ್ತಿದ್ದಳು. ಬರಬರುತ್ತ ಹಾಲು ಬಾಟಲಿಯ ತಳ ಮುಚ್ಚುವಷ್ಟೂ ಬರಲಿಲ್ಲ. ಆಮೇಲೆ ನಿಂತೇಹೋಯಿತು.

“ಡಬ್ಬಿ ಹಾಲು ಕುಡಿದು ಚೆನ್ನಾಗೇ ಇದಾಳೆ ಬಿಡು,” ಎಂದಳಂತೆ ಪಿಸಿಲಾ. “ನೀನು ಸುಮ್ನೆ ಓಡಾಡಿ ದಣೀಬೇಡ. ಭಾನುವಾರ ಬಾ ಸಾಕು.”

ಇದನ್ನು ಹೇಳುವಾಗ ಅಕೆಸಿಯು ನನ್ನ ಮುಖ ನೋಡಲಿಲ್ಲ. ಕೈಬೆರಳಿನ ಗಾಯದ ಪಟ್ಟಿಯನ್ನು ಬಿಚ್ಚುತ್ತ, ಸುತ್ತುತ್ತ ಕುಳಿತಿದ್ದಳು.

“ಭಾನುವಾರ ಎತ್ಕೊಂಡ್ರೆ ಅಳ್ತಾಳೆ ಅಕ್ಕಾ. ನನ್ನ ಮೈಯಿಂದ ಕೋಳಿ ವಾಸನೆ ಬರುತ್ತೇನೋ.”

“ನನ್ನ ಮೈಯಿಂದ ಬಾದಾಮಿ ಧೂಳಿನ ವಾಸನೆ ಬರುತ್ತೆ, ನನ್ನ ಮಕ್ಕಳು ಅತ್ರಾ? ಹುಚ್ಚಿ. ದಿನಾ ನೋಡಿದ್ರೆ ರೂಢಿಯಾಗುತ್ತೆ.”

ದಿನಾ ನೋಡುವುದು ಹೇಗೆ ಎಂದು ಅವಳು ಕೇಳಲಿಲ್ಲ.

ಚಳಿಗಾಲದಲ್ಲಿ ಮಗುವಿಗೆ ಎದೆ ಕಟ್ಟಿತು. ಉಸಿರಾಡುವಾಗ ಪಕ್ಕೆಲುಬು ಒಳಗೆ ಸೇದಿಕೊಳ್ಳುತ್ತಿತ್ತು. ಪಿಸಿಲಾ ಆಸ್ಪತ್ರೆಗೆ ಸೇರಿಸಿ ನನಗೆ ಫೋನು ಮಾಡಿದಳು, ನಾನು ಅಕೆಸಿಯುಳಿಗೆ ಮಾಡಿದೆ. ಕಾರ್ಖಾನೆಯಲ್ಲಿ ಫೋನು ಲಾಕರಿನಲ್ಲಿಡಬೇಕು. ಬಿಡುವಿನಲ್ಲಿ ನೋಡಿದವಳು ಮೇಸ್ತ್ರಿಗೂ ಹೇಳದೆ ರಬ್ಬರ್ ಬೂಟಿನಲ್ಲೇ ಓಡಿ ಬಂದಳು. ತಲೆಗೆ ಕಟ್ಟಿದ ಬಲೆಯನ್ನೂ ತೆಗೆದಿರಲಿಲ್ಲ. ನಾನು ಆಗಲೇ ಅಲ್ಲಿದ್ದೆ.

ನರ್ಸು ಹೊರಗೆ ಬಂದು, ಒಳಗೆ ಒಬ್ಬರನ್ನೇ ಬಿಡುವುದು, ತಾಯಿ ಯಾರು ಎಂದಳು.

“ನಾನು,” ಎಂದಳು ಪಿಸಿಲಾ.

ಅದನ್ನು ಅವಳು ಜೋರಾಗಿ ಹೇಳಲಿಲ್ಲ, ಜಗಳದ ದನಿಯಲ್ಲೂ ಹೇಳಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವಳು ಹೇಳುವ ಹಾಗೆ ಹೇಳಿದಳು. ಅಕೆಸಿಯು ಒಂದು ಹೆಜ್ಜೆ ಮುಂದಿಟ್ಟಳು, ಹಿಂದೆ ಸರಿದಳು. ಗಂಡನ ಅಕ್ಕನ ಮಾತನ್ನು ಪರರ ಮುಂದೆ ಸುಳ್ಳು ಮಾಡುವ ಹೆಣ್ಣು ನಮ್ಮಲ್ಲಿ ಹುಟ್ಟಿಲ್ಲ. ಪಿಸಿಲಾ ಒಳಗೆ ಹೋದಳು. ನನ್ನ ತಂಗಿ ಗಾಜಿನ ಬಾಗಿಲ ಹೊರಗೆ ನಿಂತಳು, ಅವಳ ಬೂಟಿನಿಂದ ನೀರು ಸೋರಿ ನೆಲದ ಮೇಲೆ ಹರಡುತ್ತಿತ್ತು. ಸಾಬೂನು ನೀರು ತಂದ ಆಳು ಬೈದುಕೊಂಡು ಒರೆಸಿಹೋದ.

ಮಗು ಗುಣವಾಯಿತು. ಪಿಸಿಲಾಳಿಗೆ ಆ ದಿನಗಳನ್ನು ಹೆರಿಗೆ ರಜೆಯಲ್ಲಿ ಎಣಿಸದೆ, ಮಗುವಿನ ಕಾಯಿಲೆಯ ರಜೆ ಎಂದು ಬೇರೆಯೇ ಸಂಬಳ ಕೊಟ್ಟರು. ಅಕೆಸಿಯುಳ ಹೆಸರು ಒಂದು ವಾರ ಸಂಜೆಯ ಮೆಸೇಜಿನಲ್ಲಿ ಇರಲಿಲ್ಲ. ಲಿಸಿಯಾತೆ ಹೋಗಿ ಮೇಸ್ತ್ರಿಯ ಕೈಕಾಲು ಹಿಡಿದ ಮೇಲೆ ಬಂತು.

ಪಿಸಿಲಾಳ ರಜೆ ಮುಗಿಯುವ ವಾರ ನಾನು ರಾತ್ರಿ ಪಾಳಿಗೆ ಬದಲಾದೆ. ನನ್ನ ಕಿರಿಯ ಮಗನ ಹಳೇ ತೊಟ್ಟಿಲು ಒರೆಸಿ ಇಟ್ಟೆ. ಸೋಮವಾರ ಮಗು ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ವಿಚಾರಿಸಿದರೆ ಪಿಸಿಲಾ ವರ್ಷ ವರ್ಷ ಉಳಿಸಿಟ್ಟುಕೊಂಡಿದ್ದ ರಜೆಯನ್ನೆಲ್ಲ ಒಟ್ಟುಮಾಡಿ ಹೆರಿಗೆ ರಜೆಗೆ ಸೇರಿಸಿಕೊಂಡಿದ್ದಳು. ಅದು ಮುಗಿದ ಮೇಲೆ ಅರ್ಧ ದಿನದ ಕೆಲಸ ಬೇಕೆಂದು ಕೇಳಿದ್ದಳಂತೆ, ಬ್ರಿಜೆಟ್ ಒಪ್ಪಿದ್ದಳಂತೆ.

ನನಗೆ ತಡೆದುಕೊಳ್ಳಲಾಗಲಿಲ್ಲ. ಬುಧವಾರ ಬೆಳಿಗ್ಗೆ ಪಾಳಿ ಮುಗಿಸಿಕೊಂಡು ನೇರ ಅವಳ ಮನೆಗೆ ಹೋದೆ. ಮಗುವಿಗೆ ಸ್ನಾನ ಮಾಡಿಸಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಮಗು ಅವಳ ಮೂಗು ಹಿಡಿದು ಕೇಕೆ ಹಾಕುತ್ತಿತ್ತು.

“ಪಿಸಿಲಕ್ಕಾ, ಮಗುನ ಕರ್ಕೊಂಡು ಹೋಗೋಕೆ ಬಂದಿದೀನಿ.”

“ಕೂತ್ಕೋ. ಟೀ ಕುಡೀತೀಯಾ?”

“ಟೀ ಬೇಡ. ರಜೆ ಮುಗೀತಲ್ಲ.”

ಅವಳು ಎಣ್ಣೆಯ ಕೈಯನ್ನು ಟವೆಲಿಗೆ ಒರೆಸಿಕೊಂಡಳು. “ಚಾಪೆ ಮೇಲೆ ಕೊಟ್ರಿ ತೆಲೆಸಿಯಾ. ಊರೆಲ್ಲ ಉಂಡು ಹೋದ್ರು. ನಮ್ಮಮ್ಮನ ಹೆಸರಿಟ್ಟಿದೀನಿ.”

“ಅದೆಲ್ಲ ರಜೆಗೋಸ್ಕರ ಅಂತ ನಿಮಗೂ ಗೊತ್ತು, ನಮಗೂ ಗೊತ್ತು!”

“ರಜೆ ನಾನು ಕೇಳಿದ್ದು ಆಫೀಸನ್ನ. ಮಗು ಕೊಟ್ಟಿದ್ದು ನೀವು. ನಾನು ಕೈ ಚಾಚಿ ಕಿತ್ಕೊಂಡ್ನಾ?”

“ಅವಳು ಚಿಕ್ಕೋಳು, ಕೆಲಸ ಹೋಗುತ್ತೆ ಅಂತ ಹೆದರಿದ್ಲು. ಅವಳು ಹೆದರಿದ್ದನ್ನೇ ಕಾಯ್ತಾ ಇದ್ರಾ ನೀವು?”

ಆಗ ಅವಳ ಸಣ್ಣ ದನಿ ಇನ್ನೂ ಸಣ್ಣದಾಯಿತು. “ಅವಳ ವೀಸಾ ಮುಗಿದ್ರೆ ಈ ಮಗು ಎಲ್ಲಿ ಮಲಗುತ್ತೆ? ಚಾವಣಿ ಇಲ್ಲದ ಮನೇಲಾ? ಎದೆ ಕಟ್ಟಿದ್ರೆ ಅಲ್ಲಿ ಯಾರು ನೋಡ್ತಾರೆ? ಇಲ್ಲಿ ನನ್ನ ಹತ್ರ ರಜೆ ಇದೆ, ಆಸ್ಪತ್ರೆ ಇದೆ, ಮನೆ ಇದೆ. ನಿನ್ನ ತಂಗಿ ಹತ್ರ ಏನಿದೆ ಹೇಳು.”

ಇದನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ, ಯಾಕೆಂದರೆ ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬಾಯಿಗೆ ಬಂದದ್ದನ್ನು ಬೈದು ಹೊರಗೆ ಬಂದೆ. ಬೇಲಿಯ ಹೊರಗೆ ಲಿಸಿಯಾತೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಒಳಗೆ ಬರುವಂತಿರಲಿಲ್ಲ.

“ಗಂಡಸಾಗಿ ಹೋಗಿ ಕೇಳೋ! ನಿನ್ನ ಮಗಳು ಕಣೋ!” ಎಂದು ಕೂಗಿದೆ.

“ಅಕ್ಕನ್ನ ಹೇಗೆ ಕೇಳ್ಲಿ?” ಎಂದ ಅವನು. ಆಳೆತ್ತರದ ಗಂಡಸು, ಮಕ್ಕಳ ಹಾಗೆ ಅಳುತ್ತಿದ್ದ. “ಕೇಳಿದೋರ ಮಕ್ಕಳಿಗೆ ಒಳ್ಳೇದಾಗಲ್ಲ. ನಿಮಗೂ ಗೊತ್ತಲ್ಲ.”

ಸೋದರತ್ತೆಯ ಮನಸ್ಸು ನೊಂದರೆ ಮಗುವಿಗೆ ತಟ್ಟುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬೆಳೆದವರು. ನಾನು ಅವನಿಗೆ ಬೈದೆನಾದರೂ ನನಗೊಬ್ಬ ತಮ್ಮನಿದ್ದು ನನ್ನೆದುರು ಹಾಗೆ ಕೇಳಿದ್ದರೆ ನಾನೂ ಸಹಿಸುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಬ್ರಿಜೆಟ್ ಬಳಿ ಹೋಗಿ, ಮಗು ಕೊಟ್ಟಿಲ್ಲ, ಎಲ್ಲ ರಜೆಗಾಗಿ ಹೂಡಿದ ಆಟ ಎಂದು ಹೇಳಿಬಿಡುವುದು. ಹೇಳಿದರೆ ಪಿಸಿಲಾಳ ಇಪ್ಪತ್ತು ವರ್ಷದ ಕೆಲಸ ಹೋಗುತ್ತದೆ. ಸುಳ್ಳು ಸಹಿ ಹಾಕಿದ್ದಕ್ಕೆ ಅಕೆಸಿಯು, ಲಿಸಿಯಾತೆ ಇಬ್ಬರ ವೀಸಾವೂ ಹೋಗಬಹುದು. ಪಾದ್ರಿ ಮುಖ ಎತ್ತಿ ತಿರುಗುವಂತಿರುವುದಿಲ್ಲ. ಆದರೆ ಮಗು ಸಿಗುತ್ತದೆ. ಚಾವಣಿ ಇಲ್ಲದ ಮನೆಯಾದರೂ ಸರಿ, ತಾಯಿ ಮಗು ಒಟ್ಟಿಗಿರುತ್ತಾರೆ. ನಾನು ಇದನ್ನೆಲ್ಲ ಅಕೆಸಿಯುಳಿಗೆ ಬಿಡಿಸಿ ಹೇಳಿದೆ.

“ಹೋಗೋಣ,” ಎಂದಳು. ಅವಳ ಮುಖ ಕಲ್ಲಾಗಿತ್ತು. “ಬಂದದ್ದು ಬರ್ಲಿ. ನನ್ನ ಮಗಳು ನಂಗೆ ಬೇಕು.”

ಅವಳಿಗೆ ಮಧ್ಯಾಹ್ನದ ಪಾಳಿ ಇದ್ದ ದಿನ ಬೆಳಿಗ್ಗೆ ಇಬ್ಬರೂ ಹೋದೆವು. ಬ್ರಿಜೆಟ್ ಎದ್ದು ಬಂದು ಅಕೆಸಿಯುಳ ಎರಡೂ ಕೈ ಹಿಡಿದುಕೊಂಡಳು. ಯಾರು ಎಂದು ಪರಿಚಯ ಹೇಳುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ ಅವಳ ಗೋಡೆಯ ಮೇಲೆ ಅಕೆಸಿಯುಳ ಫೋಟೋ ಇತ್ತು. ಚಾಪೆಯ ಮೇಲೆ ಮಂಡಿಯೂರಿ ಮಗುವನ್ನು ಪಿಸಿಲಾಳ ಮಡಿಲಲ್ಲಿಡುತ್ತಿರುವ ಫೋಟೋ. ಆಶ್ರಮದ ಪತ್ರಿಕೆಯಲ್ಲಿ ಹಾಕಿದ್ದರಂತೆ, ನಮ್ಮ ರಜೆ ನಿಯಮ ಎಲ್ಲ ಜನರ ಪದ್ಧತಿಯನ್ನೂ ಗೌರವಿಸುತ್ತದೆ ಎಂದು. ಆ ನಿಯಮ ಬರೆದವಳು ತಾನೇ ಎಂದು ಬ್ರಿಜೆಟ್ ಹೆಮ್ಮೆಯಿಂದ ಹೇಳಿದಳು. ಬೇರೆ ಯಾವ ಸಂಸ್ಥೆಯಲ್ಲೂ ಇಂಥದ್ದಿಲ್ಲ, ತಾನು ಎಲ್ಲ ಕಡೆಯ ನಿಯಮ ತರಿಸಿ ಹೋಲಿಸಿ ನೋಡಿದ್ದೇನೆ ಎಂದಳು.

“ಪಿಸಿಲಾ ಎಷ್ಟು ಬದಲಾಗಿದಾಳೆ ಗೊತ್ತಾ? ಹೋದ ವಾರ ಮಗುನ ಇಲ್ಲಿಗೆ ಕರ್ಕೊಂಡು ಬಂದಿದ್ಲು. ಅವಳು ನಗೋದನ್ನ ನಾನು ನೋಡಿದ್ದು ಅದೇ ಮೊದಲು,” ಎಂದಳು. ಆಮೇಲೆ ನಮ್ಮ ಮುಖ ನೋಡಿ ಅವಳಿಗೆ ಏನೋ ಅನುಮಾನ ಬಂದಿರಬೇಕು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು. “ಏನಾದ್ರೂ ತೊಂದರೆನಾ? ನೋಡಿ, ನಾನು ಒಂದು ಮಾತು ಕೇಳಲೇಬೇಕಾಗುತ್ತೆ. ಮಗುನ ನಿಜವಾಗಿ ಕೊಟ್ಟಿದೀರಿ ತಾನೆ?”

ನಾನು ತಂಗಿಯ ಕಡೆ ನೋಡಿದೆ. ಅವಳು ಫೋಟೋ ನೋಡುತ್ತಿದ್ದಳು. ಇಲ್ಲ ಎನ್ನಲು ಒಂದು ಮಾತು ಸಾಕಿತ್ತು. ನಾನು ಮೇಜಿನ ಕೆಳಗೆ ಅವಳ ಕೈ ಹಿಡಿದೆ. ಹೇಳು, ಹೇಳಿಬಿಡು ಎಂದು ಹಿಸುಕಿದೆ.

“ಅವಳಿಗೆ ಎದೆ ಕಟ್ಟಿತ್ತು,” ಎಂದಳು ಅಕೆಸಿಯು ನಮ್ಮ ಮಾತಿನಲ್ಲೇ, ನನಗೆ ಮಾತ್ರ ಕೇಳುವ ಹಾಗೆ. “ಮತ್ತೆ ಕಟ್ಟಿದ್ರೆ ನಂಗೆ ರಜೆ ಕೊಡಲ್ಲ ಅಕ್ಕಾ.”

ಆಮೇಲೆ ಬ್ರಿಜೆಟ್ ಕಡೆ ತಿರುಗಿ, ಕಲಿತಷ್ಟು ಇಂಗ್ಲಿಷಿನಲ್ಲಿ, ಕೊಟ್ಟಿದ್ದೇನೆ ಎಂದಳು. ನಾನೇ ಕೊಟ್ಟೆ, ನನ್ನ ಕೈಯಾರೆ.

ಬ್ರಿಜೆಟ್‌ಳ ಕಣ್ಣು ತುಂಬಿ ಬಂತು. ನಿಮ್ಮ ಜನರ ಮನಸ್ಸು ದೊಡ್ಡದು ಎಂದಳು. ನನಗೆ ಅವಳ ಮೇಜಿನ ಮೇಲಿದ್ದುದನ್ನೆಲ್ಲ ನೆಲಕ್ಕೆ ಬೀಳಿಸಬೇಕು ಅನ್ನಿಸಿತು. ನಿಮಗೆ ನನ್ನಿಂದ ಏನಾದರೂ ಆಗಬೇಕಿತ್ತೇ ಎಂದು ಅವಳು ಕೇಳಿದಳು.

“ಮಗು ತಗೊಂಡೋರಿಗೆ ನಿಮ್ಮಲ್ಲಿ ರಜೆ ಇದೆ,” ಎಂದಳು ನನ್ನ ತಂಗಿ. “ಕೊಟ್ಟೋರಿಗೆ ಇದೆಯಾ?”

ಬ್ರಿಜೆಟ್ ಇದನ್ನು ತಮಾಷೆ ಎಂದುಕೊಳ್ಳಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, ಕನ್ನಡಕ ಹಾಕಿಕೊಂಡು, ತಾನೇ ಬರೆದ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾವಿಬ್ಬರೂ ಕಾದೆವು. ಓದಿ ಮುಗಿಸಿದ ಮೇಲೆ ಮತ್ತೆ ಪುಟದ ಮೇಲಕ್ಕೆ ಹೋಗಿ ಒಂದು ಸಾಲಿನ ಬಳಿ ತಡೆದಳು, ಅವಳ ಮುಖ ಕೆಂಪಾಯಿತು.

“ಇಲ್ಲ,” ಎಂದಳು. “ಅದನ್ನ ನಾನು ಯೋಚನೆನೇ ಮಾಡಿರಲಿಲ್ಲ.”

ಪರವಾಗಿಲ್ಲ ಎಂದು ಅಕೆಸಿಯು ಎದ್ದಳು. ಹೊರಗೆ ಬಿಸಿಲಿತ್ತು. ನಾನು ಬಸ್ಸಿನ ಕಟ್ಟೆಯ ಮೇಲೆ ಕುಳಿತು ಬಾಯಿಗೆ ಬಂದ ಹಾಗೆ ಬೈದೆ: ಪಿಸಿಲಾಳನ್ನು, ಗುತ್ತಿಗೆದಾರನನ್ನು, ಪಾದ್ರಿಯನ್ನು, ಲಿಸಿಯಾತೆಯನ್ನು, ಕೊನೆಗೆ ಅವಳನ್ನೂ ಬೈದೆ. ಅವಳು ಮಧ್ಯಾಹ್ನದ ಪಾಳಿಯ ವ್ಯಾನಿಗಾಗಿ ರಸ್ತೆಯ ಕಡೆ ನೋಡುತ್ತಿದ್ದಳು.

“ಇವತ್ತೊಂದು ದಿನ ಹೋಗ್ಬೇಡ ಕಣೇ,” ಎಂದೆ, ಬೈಗುಳ ಮುಗಿದ ಮೇಲೆ. “ನಮ್ಮನೆಗೆ ಬಾ. ಮಲಕ್ಕೋ. ಹುಷಾರಿಲ್ಲ ಅಂತ ಮೇಸ್ತ್ರಿಗೆ ಹೇಳು.”

“ಏನಾಗಿದೆ ಅಂತ ಕೇಳ್ತಾನೆ. ಏನು ಹೇಳ್ಲಿ?”

ವ್ಯಾನು ಬಂದಾಗ ಅವಳು ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಮೇಸ್ತ್ರಿಗೆ ನಮಸ್ಕಾರ ಹೇಳಿ ಹತ್ತಿದಳು.